ನಾಲ್ಕೋ ಹನ್ನೆರಡೋ

2017ರ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ನಮ್ಮ ಮನೆಗೆ ಬಂದ ತಂಗಿಯ ಮಗಳು ಬ್ಯಾಗನ್ನು ಜಗಲಿಯ ಮೇಲಿಟ್ಟವಳೇ, ‘ಮಾವ, ನಾನು ಎಂಜಿನಿಯರಿಂಗ್ ಬಿಟ್ಬಿಡ್ತೀನಿ. ಮುಂದಿನ ವರ್ಷ ಬಿ.ಎಸ್ಸಿ.ಗೆ ಸೇರ್ಕೋತೀನಿ. ಅಮ್ಮಂಗೆ ನೀವೇ ಹೇಳ್ಬೇಕು’ ಎಂದಳು. ಬಿ.ಎಸ್ಸಿ. ಎಂಬ ಮಾತನ್ನು ಅವಳು ಕಾಯಿಲೆಯ ಹೆಸರಿನಂತೆ ಉಚ್ಚರಿಸಿದ್ದು, ಅದನ್ನೇ ಓದಿ ಇಷ್ಟು ವರ್ಷ ಅನ್ನ ಉಂಡಿರುವ ನನಗೆ ಸ್ವಲ್ಪ ಚುಚ್ಚಿತು. ಆದರೆ ಅವಳ ಮುಖ ನೋಡಿದ ಮೇಲೆ ಅದನ್ನು ಆಡಿ ತೋರಿಸುವ ಹೊತ್ತಲ್ಲ ಎನ್ನಿಸಿ ಸುಮ್ಮನಾದೆ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ, ನನ್ನ ಕೈಕೆಳಗೇ ಓದಿದ ಹುಡುಗಿ. ತಂಗಿ ಬ್ಯಾಂಕಿನಲ್ಲಿ ಸಾಲ ಮಾಡಿ ಎಂಜಿನಿಯರಿಂಗಿಗೆ ಸೇರಿಸಿ ಮೂರು ತಿಂಗಳೂ ಆಗಿರಲಿಲ್ಲ. ಏನಾಯಿತೆಂದು ಕೇಳಿದರೆ, ನಾಲ್ಕಾಗಿ ಮಡಚಿದ ಒಂದು ಉತ್ತರಪತ್ರಿಕೆಯನ್ನು ಮುಂದಿಟ್ಟಳು. ಸಿ ಭಾಷೆಯ ಮೊದಲ ಕಿರುಪರೀಕ್ಷೆ. ಎರಡು ಉತ್ತರಗಳ ಮೇಲೆ ಕೆಂಪು ಗೀಟು. ಕೊನೆಯಲ್ಲಿ ‘ಮೂಲ ಪಾಠ ಸರಿಯಾಗಿ ಓದಿಕೋ’ ಎಂಬ ಷರಾ. ಇಡೀ ತರಗತಿಯಲ್ಲಿ ಆ ಎರಡು ಪ್ರಶ್ನೆಗಳನ್ನು ತಪ್ಪು ಮಾಡಿದವಳು ತಾನೊಬ್ಬಳೇ, ಇಂಗ್ಲಿಷ್ ಮಾಧ್ಯಮದವರಿಗೆ ಎಲ್ಲ ಗೊತ್ತಿದೆ, ತನಗೆ ಇದು ಹತ್ತುವುದಿಲ್ಲ ಎಂಬುದು ಅವಳ ತೀರ್ಮಾನ.

ಮೊದಲ ಪ್ರಶ್ನೆ: ಒಂದು ಸ್ಟ್ರಕ್ಚರಿನಲ್ಲಿ ಕ್ರಮವಾಗಿ ಒಂದು ಚಾರ್, ಒಂದು ಇಂಟ್, ಮತ್ತೊಂದು ಚಾರ್ ಇವೆ, ಅದು ಮೆಮೊರಿಯಲ್ಲಿ ಎಷ್ಟು ಬೈಟು ಹಿಡಿಯುತ್ತದೆ? ಅವಳು ಬರೆದಿದ್ದದ್ದು 12. ಸರಿಯುತ್ತರ 4. ಎರಡನೆಯದು: ಇಂಟ್ ಪಾಯಿಂಟರಿನಲ್ಲಿ 1000 ಎಂಬ ವಿಳಾಸವಿದೆ, ಅದಕ್ಕೆ ಒಂದನ್ನು ಕೂಡಿದರೆ ಎಷ್ಟಾಗುತ್ತದೆ? ಅವಳು ಬರೆದದ್ದು 1004. ಸರಿಯುತ್ತರ 1002.

ಸಾವಿರಕ್ಕೆ ಒಂದು ಕೂಡಿದರೆ ಸಾವಿರದ ಒಂದಾಗಬೇಕಲ್ಲ, ಇದೇನು ಸಾವಿರದ ಎರಡೋ ನಾಲ್ಕೋ ಎಂದು ಚರ್ಚೆ ಮಾಡುತ್ತಿದ್ದಾರೆ ಎಂದು ನನಗೆ ಆಶ್ಚರ್ಯ. ನಾನು ಡಿಗ್ರಿ ಮುಗಿಸಿದ 1988ರಲ್ಲಿ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರೇ ಇರಲಿಲ್ಲ. ಆದರೂ ಮೇಷ್ಟರ ಚಾಳಿ ಬಿಡಬೇಕಲ್ಲ. ‘ಹನ್ನೆರಡು ಅಂತ ನಿಂಗೆ ಯಾರು ಹೇಳಿದ್ದು?’ ಎಂದು ಕೇಳಿದೆ.

‘ಯಾರೂ ಹೇಳಿಲ್ಲ ಮಾವ. ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪಲ್ಲಿ ಹಾಕಿ ನೋಡಿದ್ದೆ. ಹನ್ನೆರಡೇ ಬಂತು.’

ಮರುದಿನ ನಸುಕಿನಲ್ಲಿ ಬಚ್ಚಲೊಲೆಯ ಮುಂದೆ ಕೂತು ಹಂಡೆಗೆ ಉರಿ ಹಾಕುತ್ತಿದ್ದಾಗ ಆ ಮಾತು ಮತ್ತೆ ಕಿವಿಗೆ ಬಿತ್ತು. ಹಾಗೇ ಒಂದು ಹಳೆಯ ಸಂಗತಿ ಎದ್ದು ಬಂತು. 1995ರಲ್ಲಿ ನಾನು ಮಡಿಕೇರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನೀರಿನ ಕುದಿಬಿಂದು ಎಷ್ಟು ಎಂಬ ಪ್ರಶ್ನೆಗೆ ಒಬ್ಬ ಹುಡುಗ 96 ಡಿಗ್ರಿ ಎಂದು ಬರೆದಿದ್ದ. ಗೀಟು ಹಾಕಿದೆ. ಅವನು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ‘ಸಾರ್, ಪ್ರಯೋಗ ಮಾಡಿದಾಗ ಅಷ್ಟೇ ಬಂದಿತ್ತಲ್ಲ’ ಎಂದ. ಥರ್ಮಾಮೀಟರು ಹಳೆಯದು, ಪುಸ್ತಕದಲ್ಲಿ ಇದ್ದದ್ದನ್ನು ಬರಿ ಎಂದು ಕಳಿಸಿದೆ. ಮಡಿಕೇರಿ ಸಮುದ್ರಮಟ್ಟಕ್ಕಿಂತ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ. ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಥರ್ಮಾಮೀಟರು ಸರಿಯಾಗಿತ್ತು, ಹುಡುಗನೂ ಸರಿಯಾಗಿದ್ದ. ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧ ನನಗೆ ಗೊತ್ತಿರಲಿಲ್ಲವೆಂದಲ್ಲ, ಅದನ್ನು ಪಾಠ ಮಾಡಿಯೂ ಇದ್ದೆ. ಮುಂದೆ ಅರವತ್ತು ಉತ್ತರಪತ್ರಿಕೆಗಳ ಕಟ್ಟು ಇತ್ತು, ಅಷ್ಟೆ. ಆಮೇಲೆ ವರ್ಗವಾಗಿ ಬಂದೆ. ಆ ಹುಡುಗನಿಗೆ ನೀನು ಬರೆದದ್ದು ಸರಿ ಎಂದು ಹೇಳಲೇ ಇಲ್ಲ.

ಎಣ್ಣೆಸ್ನಾನ ಮುಗಿಸಿ ಬಂದ ಮೇಲೆ ಅವಳನ್ನು ಕೂರಿಸಿಕೊಂಡು, ‘ಲ್ಯಾಪ್‌ಟಾಪ್ ತೆಗಿ ಪುಟ್ಟಿ. ನಾಲ್ಕು ದಿನ ರಜ ಇದೆಯಲ್ಲ. ನಿನ್ನ ಹನ್ನೆರಡು ಎಲ್ಲಿಂದ ಬಂತು, ಅವರ ನಾಲ್ಕು ಎಲ್ಲಿಂದ ಬಂತು, ನೋಡೇಬಿಡೋಣ’ ಎಂದೆ. ಆ ನಾಲ್ಕು ದಿನ ಅವಳು ಗುರು, ನಾನು ಶಿಷ್ಯ. ಪ್ರಯೋಗದ ಪುಸ್ತಕ ಬರೆಯುವ ಕೆಲಸ ಮಾತ್ರ ನನ್ನದು.

ಮೊದಲು ಪಾಯಿಂಟರಿನಿಂದ ಶುರು ಮಾಡಿದೆವು. ಕಂಪ್ಯೂಟರಿನ ಮೆಮೊರಿ ಎಂದರೆ ಸಾಲಾಗಿ ಜೋಡಿಸಿದ ಗೂಡುಗಳು. ಪ್ರತಿ ಗೂಡಿಗೂ ಒಂದು ನಂಬರು. ಪ್ರತಿ ಗೂಡಿನಲ್ಲಿ ಒಂದು ಬೈಟು. ಚಾರ್ ಎಂಬ ಅಕ್ಷರಕ್ಕೆ ಒಂದೇ ಗೂಡು ಸಾಕು. ಅವಳ ಲ್ಯಾಪ್‌ಟಾಪಿನಲ್ಲಿ ಇಂಟ್ ಎಂಬ ಪೂರ್ಣಾಂಕಕ್ಕೆ ಒಂದರ ಪಕ್ಕ ಒಂದು ನಾಲ್ಕು ಗೂಡು ಬೇಕು. ಪಾಯಿಂಟರು ಎಂದರೆ, ಯಾವುದೋ ವಸ್ತು ಶುರುವಾಗುವ ಗೂಡಿನ ನಂಬರನ್ನು ಬರೆದಿಟ್ಟುಕೊಂಡಿರುವ ಇನ್ನೊಂದು ವಸ್ತು. ಇಲ್ಲಿಯವರೆಗೆ ಸುಲಭ. ‘ಹಾಗಾದ್ರೆ ಚಾರ್ ಪಾಯಿಂಟರ್ ಬೇರೆ, ಇಂಟ್ ಪಾಯಿಂಟರ್ ಬೇರೆ ಯಾಕೆ? ನಂಬರು ಅಂದ್ರೆ ನಂಬರು ತಾನೆ?’ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಎರಡರ ಅಳತೆಯನ್ನೂ ಸೈಜ್‌ಆಫ್ ಎಂಬುದರಿಂದ ಮುದ್ರಿಸಿ ನೋಡಿದೆವು. ಎರಡೂ ಎಂಟೆಂಟು ಬೈಟು. ಒಳಗಿರುವುದು ಬರೀ ನಂಬರು. ಇದು ಅಕ್ಷರದ ವಿಳಾಸ, ಇದು ಪೂರ್ಣಾಂಕದ ವಿಳಾಸ ಎಂಬ ಗುರುತು ಮೆಮೊರಿಯಲ್ಲಿ ಎಲ್ಲೂ ಇಲ್ಲ.

ಮತ್ತೆ ಆ ವ್ಯತ್ಯಾಸ ಎಲ್ಲಿದೆ? ನಮ್ಮ ತಂದೆ ಹೇಳುತ್ತಿದ್ದ ಹಳೆಯ ಶ್ಯಾನುಭೋಗರ ಮಾತು ಆಗ ನನ್ನ ನೆರವಿಗೆ ಬಂತು. ಹೊಲದ ಮೂಲೆಯಲ್ಲಿ ನೆಟ್ಟ ಕಲ್ಲು ಕಲ್ಲೇ. ಅಲ್ಲಿಂದ ಒಂದು ಗುಂಟೆಯೋ ನಾಲ್ಕು ಗುಂಟೆಯೋ ಎಂಬುದು ಕಲ್ಲಿನ ಮೇಲೆ ಬರೆದಿರುವುದಿಲ್ಲ. ಅದರ ಚಕ್ಕುಬಂದಿ ಇರುವುದು ಶ್ಯಾನುಭೋಗರ ಕಡತದಲ್ಲಿ. ಇಲ್ಲಿ ಕಂಪೈಲರೇ ಶ್ಯಾನುಭೋಗ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಅದು ತನ್ನ ಕಡತ ತೆರೆದಿಟ್ಟುಕೊಂಡಿರುತ್ತದೆ. ಈ ಪಾಯಿಂಟರು ಚಾರ್‌ನ ಕಡೆಯದು, ಇದು ಇಂಟ್‌ನ ಕಡೆಯದು ಎಂದು ಅದರಲ್ಲಿ ದಾಖಲೆ. ನಾವು ‘ಒಂದು ಕೂಡು’ ಎಂದು ಬರೆದರೆ, ಚಾರ್ ಪಾಯಿಂಟರಾದರೆ ‘ಒಂದು ಕೂಡು’ ಎಂದೇ ಯಂತ್ರಕ್ಕೆ ಹೇಳುತ್ತದೆ. ಇಂಟ್ ಪಾಯಿಂಟರಾದರೆ ‘ನಾಲ್ಕು ಕೂಡು’ ಎನ್ನುತ್ತದೆ. ಒಂದು ಎಂದರೆ ಒಂದು ಗೂಡಲ್ಲ, ಒಂದು ಹೊಲ. ಕೆಲಸ ಮುಗಿದ ಮೇಲೆ ಕಡತ ಮುಚ್ಚಿತು. ಪ್ರೋಗ್ರಾಮು ಓಡುವಾಗ ಶ್ಯಾನುಭೋಗರು ಸ್ಥಳದಲ್ಲಿರುವುದಿಲ್ಲ.

ಇದನ್ನು ಪರೀಕ್ಷಿಸಲು ಒಂದು ಕುಚೋದ್ಯ ಮಾಡಿದೆವು. ಒಂದು ಇಂಟ್‌ನಲ್ಲಿ 258 ಎಂಬ ಸಂಖ್ಯೆ ಇಟ್ಟು, ಅದೇ ವಿಳಾಸವನ್ನು ಚಾರ್ ಪಾಯಿಂಟರಿಗೆ ಕೊಟ್ಟು ಒಂದೊಂದೇ ಗೂಡನ್ನು ಓದಿಸಿದೆವು. ಬಂದದ್ದು 2, 1, 0, 0. ಎರಡು, ಜೊತೆಗೆ ಒಂದು ಸಲ 256: ಸೇರಿ 258. ಇಂಟೆಲ್ ಮಾದರಿಯ ಪ್ರೊಸೆಸರುಗಳು ಚಿಕ್ಕ ಬೆಲೆಯ ಬೈಟನ್ನು ಮೊದಲ ಗೂಡಿನಲ್ಲಿ ಇಡುತ್ತವೆ, ಅದಕ್ಕೇ ಎರಡು ಮುಂದೆ ಬಂತು. ಗೂಡುಗಳು ಅವೇ, ಮೂಲೆಗಲ್ಲು ಅದೇ. ಕಡತದಲ್ಲಿ ಹೆಸರು ಬದಲಾಯಿಸಿದ್ದಕ್ಕೆ 258 ಹೋಗಿ 2 ಆಯಿತು. ಪುಟ್ಟಿ ಮೊದಲ ಸಲ ನಕ್ಕಿದ್ದು ಆವಾಗ.

ಎರಡನೆಯ ದಿನ ಸ್ಟ್ರಕ್ಚರು. ಬೇರೆ ಬೇರೆ ಜಾತಿಯ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಡುವುದಕ್ಕೆ ಸಿ ಭಾಷೆಯಲ್ಲಿ ಸ್ಟ್ರಕ್ಚರ್ ಎನ್ನುತ್ತಾರೆ. ಒಬ್ಬ ವಿದ್ಯಾರ್ಥಿಯ ವಿಭಾಗ, ಅಂಕ, ಗ್ರೇಡು ಇವನ್ನು ಒಟ್ಟಿಗೆ ಇಟ್ಟ ಹಾಗೆ. ಒಂದು, ನಾಲ್ಕು, ಒಂದು ಸೇರಿದರೆ ಆರು ಬೈಟು ಆಗಬೇಕು. ಅವಳ ಲ್ಯಾಪ್‌ಟಾಪು 12 ಎನ್ನುತ್ತಿದೆ, ಕಾಲೇಜು 4 ಎನ್ನುತ್ತಿದೆ, ನನ್ನ ಕೂಡುವ ಲೆಕ್ಕ 6 ಎನ್ನುತ್ತಿದೆ. ಒಂದು ಪ್ರಶ್ನೆಗೆ ಮೂರು ಉತ್ತರ! ಮೂರೂ ಸದಸ್ಯರ ವಿಳಾಸಗಳನ್ನು ಮುದ್ರಿಸಲು ಹೇಳಿದೆ. ಪ್ರತಿ ಸಲ ಓಡಿಸಿದಾಗಲೂ ಉದ್ದುದ್ದದ ಬೇರೆ ಬೇರೆ ನಂಬರುಗಳು ಬಂದವು. ಅಂತರ ಮಾತ್ರ ಕದಲಲಿಲ್ಲ. ಮೊದಲನೆಯದರ ಕೊನೆಯ ಅಂಕಿ 4, ಎರಡನೆಯದರದು 8, ಮೂರನೆಯದರದು ಅಂಕಿಯೇ ಅಲ್ಲ, ಸಿ ಎಂಬ ಅಕ್ಷರ. ಇದು ಸಿ ಭಾಷೆಯ ಸಿ ಅಲ್ಲ. ಹದಿನಾರರ ಎಣಿಕೆಯಲ್ಲಿ ಹನ್ನೆರಡಕ್ಕೆ ಹಾಗೆ ಬರೆಯುತ್ತಾರೆಂದು ಶಿಷ್ಯನಿಗೆ ಗುರು ತಿಳಿಸಿದಳು. ಅಂದರೆ ಮೊದಲ ಅಕ್ಷರ ಒಂದೇ ಗೂಡು ಹಿಡಿದಿದ್ದರೂ, ಪೂರ್ಣಾಂಕ ನಾಲ್ಕು ಗೂಡು ಬಿಟ್ಟೇ ಶುರುವಾಗಿದೆ. ನಡುವೆ ಮೂರು ಗೂಡು ಖಾಲಿ.

ಏಕೆಂದರೆ ಪ್ರೊಸೆಸರು ಮೆಮೊರಿಯಿಂದ ಒಂದೊಂದೇ ಬೈಟನ್ನು ಹೆಕ್ಕಿಕೊಂಡು ಕೂರುವುದಿಲ್ಲ. ನಾಲ್ಕೋ ಎಂಟೋ ಬೈಟುಗಳನ್ನು ಒಂದೇ ಹಿಡಿತಕ್ಕೆ ಎತ್ತುತ್ತದೆ. ಪೂರ್ಣಾಂಕದ ಅರ್ಧ ಒಂದು ಹಿಡಿತದಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಬಿದ್ದರೆ ಎರಡು ಸಲ ಎತ್ತಬೇಕು. ಕೆಲವು ಪ್ರೊಸೆಸರುಗಳಂತೂ ಎತ್ತುವುದಿಲ್ಲವೆಂದು ಹಟ ಹಿಡಿದು ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತವೆ. ಆದ್ದರಿಂದ ನಾಲ್ಕು ಬೈಟಿನ ಪೂರ್ಣಾಂಕವನ್ನು ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರಿಸುವುದು ಕಂಪೈಲರಿನ ಪದ್ಧತಿ.

ನಮ್ಮ ತರಗತಿಯ ಬೆಂಚುಗಳನ್ನು ನೆನೆಸಿಕೊಳ್ಳಿ. ಒಂದೊಂದರಲ್ಲಿ ನಾಲ್ಕು ಜನ. ಮೊದಲ ಬೆಂಚಿನ ತುದಿಗೆ ಒಬ್ಬ ಒಂಟಿ ಹುಡುಗ ಬಂದು ಕೂತ. ಆಮೇಲೆ ಒಟ್ಟಿಗೇ ಕೂರುತ್ತೇವೆ ಎನ್ನುವ ನಾಲ್ವರು ಗೆಳೆಯರ ತಂಡ ಬಂತು. ಉಳಿದ ಮೂರು ಜಾಗ ಅವರಿಗೆ ಸಾಲದು. ಎರಡನೆಯ ಬೆಂಚಿಗೆ ಹೋದರು. ಕೊನೆಗೆ ಬಂದ ಇನ್ನೊಬ್ಬ ಒಂಟಿ ಮೂರನೆಯ ಬೆಂಚಿಗೆ. ಅವನು ಎದ್ದು ಮೊದಲ ಬೆಂಚಿನ ಖಾಲಿ ಜಾಗಕ್ಕೆ ಹೋಗಬಾರದೇ ಎಂದರೆ, ಹೋಗುವ ಹಾಗಿಲ್ಲ. ಹಾಜರಿ ಪುಸ್ತಕದ ಕ್ರಮ ಮೀರುವಂತಿಲ್ಲ ಎಂಬುದು ಸಿ ಭಾಷೆಯ ಕಟ್ಟಳೆ. ನಾವು ಬರೆದ ಕ್ರಮವನ್ನು ಕಂಪೈಲರು ಬದಲಾಯಿಸುವುದಿಲ್ಲ.

ಇಷ್ಟಕ್ಕೆ ಒಂಬತ್ತು ಗೂಡು ಆಯಿತು. ಹನ್ನೆರಡು ಏಕೆ? ಇಲ್ಲಿ ನಾನು ಒಂದು ಗಂಟೆ ಒದ್ದಾಡಿದೆ. ಬಿಡಿಸಿದವಳು ಪುಟ್ಟಿಯೇ. ‘ಮಾವ, ಒಬ್ಬ ಸ್ಟೂಡೆಂಟ್ ಅಲ್ಲ, ಅರವತ್ತು ಜನರದ್ದು ಸಾಲಾಗಿ ಇಟ್ರೆ?’ ಎಂದಳು. ಸರಿ, ಮೊದಲನೆಯವನದು ಸೊನ್ನೆಯಿಂದ ಶುರುವಾಗಿ ಒಂಬತ್ತೇ ಬೈಟಿಗೆ ಮುಗಿದರೆ, ಎರಡನೆಯವನದು 9ರಲ್ಲಿ ಶುರು. ಅವನ ಪೂರ್ಣಾಂಕ 13ಕ್ಕೆ ಬೀಳುತ್ತದೆ. ಹದಿಮೂರು ನಾಲ್ಕರಿಂದ ಭಾಗವಾಗದು! ಅದಕ್ಕೇ ಕೊನೆಯಲ್ಲೂ ಮೂರು ಗೂಡು ಬಿಟ್ಟು ಹನ್ನೆರಡಕ್ಕೆ ತುಂಬಿಸುವುದು. ಇಬ್ಬರು ಒಂಟಿಗಳನ್ನೂ ತಂಡದ ಹಿಂದೆ ಬರುವಂತೆ ನಾವೇ ಬರೆದರೆ? ಬರೆದು ನೋಡಿದೆವು. ಎಂಟಕ್ಕೆ ಇಳಿಯಿತು. ಅರವತ್ತು ವಿದ್ಯಾರ್ಥಿಗಳಿಗೆ 720 ಬೈಟು ಬೇಕಾಗಿದ್ದಲ್ಲಿ 480 ಸಾಕು. ಒಂದಕ್ಷರವೂ ಕಡಿಮೆಯಾಗಿಲ್ಲ, ಸಾಲು ಮೇಲೆ ಕೆಳಗೆ ಮಾಡಿದ್ದಷ್ಟೆ.

ಇನ್ನು ಕಾಲೇಜಿನ ನಾಲ್ಕು. ಅವರ ಲ್ಯಾಬಿನಲ್ಲಿ ಟರ್ಬೊ ಸಿ ಎಂಬ ನೀಲಿ ಪರದೆಯ ಕಂಪೈಲರು ಇತ್ತು. ಹಳೆಯ ಡಾಸ್ ಯಂತ್ರದಂತೆ ನಟಿಸುವ ತಂತ್ರಾಂಶದ ಜೊತೆಗೆ ಅದನ್ನು ಸೀನಿಯರೊಬ್ಬಳು ಇವಳ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಳು. ಅದೇ ಪ್ರೋಗ್ರಾಮನ್ನು ಅದರಲ್ಲಿ ಓಡಿಸಿದೆವು. ಬಂತು ನೋಡಿ, 4! ಬೋರ್ಲೆಂಡ್ ಕಂಪೆನಿ 1987ರಲ್ಲಿ ಮೊದಲು ಹೊರತಂದ ಈ ಕಂಪೈಲರು ಹದಿನಾರು ಬಿಟ್ಟಿನ ಯಂತ್ರಗಳಿಗಾಗಿ ಹುಟ್ಟಿದ್ದು. ಅದರಲ್ಲಿ ಇಂಟ್ ಎಂದರೆ ಎರಡೇ ಬೈಟು. ಆ ಕಾಲದ ಇಂಟೆಲ್ 8086 ಪ್ರೊಸೆಸರು ಬೆಸ ವಿಳಾಸದಿಂದಲೂ ಎರಡು ಬೈಟಿನ ಸಂಖ್ಯೆಯನ್ನು ಓದಬಲ್ಲದು, ಸ್ವಲ್ಪ ನಿಧಾನವಾದರೂ. ಹಾಗಾಗಿ ಬೇರೆ ಅಪ್ಪಣೆ ಇಲ್ಲದಿದ್ದರೆ ಟರ್ಬೊ ಸಿ ನಡುವೆ ಜಾಗ ಬಿಡುವುದಿಲ್ಲ. ಒಂದು, ಎರಡು, ಒಂದು: ನಾಲ್ಕು. ಸಾವಿರಕ್ಕೆ ಒಂದು ಹೊಲ ಕೂಡಿದರೆ 1002. ಕಾಲೇಜೂ ಸರಿ, ಹುಡುಗಿಯೂ ಸರಿ. ಯಾವ ಯಂತ್ರದಲ್ಲಿ ಎಂಬ ಮಾತೊಂದು ಪ್ರಶ್ನೆಪತ್ರಿಕೆಯಿಂದ ಬಿಟ್ಟುಹೋಗಿತ್ತು. ಅಮೆರಿಕದಲ್ಲಿ 1989ರಲ್ಲಿ ಸಿ ಭಾಷೆಗೆ ಮಾನಕ ರೂಪಿಸಿದವರೂ ಇಂಟ್‌ಗೆ ಕನಿಷ್ಠ ಹದಿನಾರು ಬಿಟ್ಟು ಇರಲಿ ಎಂದರೇ ಹೊರತು ಇಷ್ಟೇ ಎಂದು ಕಟ್ಟಲಿಲ್ಲ. ಮೊದಲ ಸದಸ್ಯನ ಹಿಂದೆ ಜಾಗ ಬಿಡಬಾರದು, ನಡುವೆ ಮತ್ತು ಕೊನೆಯಲ್ಲಿ ಎಷ್ಟು ಬಿಡಬೇಕೆಂಬುದು ಕಂಪೈಲರು ಮಾಡುವವರಿಗೆ ಸೇರಿದ್ದು ಎಂದು ಬಿಟ್ಟರು.

ಇಷ್ಟಾದ ಮೇಲೆ, ಈ ತಲೆನೋವನ್ನು ಹುಟ್ಟಿಸಿದವರು ಯಾರು ಎಂಬ ಕುತೂಹಲ ನನಗೆ ಹತ್ತಿತು. ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಸಿ ಭಾಷೆಯನ್ನು ಕಟ್ಟಿದ ಡೆನಿಸ್ ರಿಚಿ, ಅದರ ಚರಿತ್ರೆಯನ್ನು 1993ರಲ್ಲಿ ಒಂದು ಪ್ರಬಂಧವಾಗಿ ತಾವೇ ಬರೆದಿದ್ದಾರೆ. ಸಿ ಭಾಷೆಗೆ ಮೊದಲು ಅಲ್ಲಿ ಕೆನ್ ಥಾಂಪ್ಸನ್ ಅವರ ಬಿ ಭಾಷೆ ಇತ್ತು. ಅದರಲ್ಲಿ ಚಾರ್, ಇಂಟ್ ಎಂಬ ಭೇದವೇ ಇರಲಿಲ್ಲ. ಅವರ ಪಿಡಿಪಿ-7 ಯಂತ್ರದಲ್ಲಿ ಗೂಡುಗಳೆಲ್ಲ ಹದಿನೆಂಟು ಬಿಟ್ಟಿನ ಒಂದೇ ಅಳತೆಯವು. ವಿಳಾಸಕ್ಕೆ ಒಂದು ಕೂಡಿದರೆ ಮುಂದಿನ ಗೂಡು, ಮುಗಿಯಿತು. 1970ರಲ್ಲಿ ಪಿಡಿಪಿ-11 ಬಂತು. ಅದರಲ್ಲಿ ಪ್ರತಿ ಬೈಟಿಗೂ ಒಂದು ವಿಳಾಸ. ಮುಂದಿನ ಅಕ್ಷರ ಬೇಕಾದರೆ ಒಂದು ಕೂಡಬೇಕು, ಮುಂದಿನ ಪೂರ್ಣಾಂಕ ಬೇಕಾದರೆ ಎರಡು. ಯಾವುದು ಯಾವುದರ ವಿಳಾಸ ಎಂದು ಬರೆದಿಡುವ ಕಡತ ಬೇಕಾಯಿತು. ಪುಟ್ಟಿಯನ್ನು ಅಳಿಸಿದ ಇಂಟ್ ಪಾಯಿಂಟರು ಹುಟ್ಟಿದ್ದು ಇಂಥ ಒಂದು ಯಂತ್ರ ಬದಲಾವಣೆಯಿಂದ!

ಸ್ಟ್ರಕ್ಚರಿನ ಕತೆ ಇನ್ನೂ ಸೊಗಸು. ಯುನಿಕ್ಸ್ ಎಂಬ ತಮ್ಮ ಕಾರ್ಯಾಚರಣ ವ್ಯವಸ್ಥೆಯನ್ನು ಸಿ ಭಾಷೆಯಲ್ಲೇ ಬರೆಯಬೇಕೆಂದು ಥಾಂಪ್ಸನ್ 1972ರಲ್ಲಿ ಹೊರಟು ಕೈಬಿಟ್ಟರು. ಆಗಿನ ಸಿ ಭಾಷೆಯಲ್ಲಿ ಸ್ಟ್ರಕ್ಚರ್ ಇರಲಿಲ್ಲ. ಅದು ಸೇರಿದ ಮೇಲೆ 1973ರಲ್ಲಿ ಕೆಲಸ ಕೈಗೂಡಿತು. ಯುನಿಕ್ಸಿನಲ್ಲಿ ಕಡತಗಳ ಪಟ್ಟಿಯ ಒಂದೊಂದು ಸಾಲಿನಲ್ಲೂ ಎರಡು ಬೈಟಿನ ಒಂದು ಕ್ರಮಸಂಖ್ಯೆ, ಹದಿನಾಲ್ಕು ಅಕ್ಷರಗಳ ಒಂದು ಹೆಸರು. ಡಿಸ್ಕಿನ ಮೇಲೆ ಹದಿನಾರೇ ಬೈಟು. ಸಿ ಭಾಷೆಯ ಸ್ಟ್ರಕ್ಚರು ಇದಕ್ಕೆ ಅಚ್ಚು ಹಾಕಿದಂತೆ ಹೊಂದಬೇಕೆಂಬುದು ರಿಚಿಯವರ ಇಚ್ಛೆ. ತೊಡಕೇನೆಂದರೆ, ಹಳೆಯ ಪದ್ಧತಿಯಲ್ಲಿ ಅಕ್ಷರಗಳ ಸಾಲು ಒಂದು ಕಡೆ ಇದ್ದರೆ, ಅದು ಎಲ್ಲಿದೆ ಎಂದು ಹೇಳುವ ವಿಳಾಸದ ಚೀಟಿಯೂ ಮೆಮೊರಿಯಲ್ಲಿ ಜಾಗ ಹಿಡಿಯುತ್ತಿತ್ತು. ಹದಿನಾರು ಬೈಟಿನಲ್ಲಿ ಆ ಚೀಟಿಯನ್ನು ಎಲ್ಲಿ ತುರುಕುವುದು? ಚೀಟಿಯೇ ಬೇಡ ಎಂದರು ರಿಚಿ. ಸಾಲಿನ ಹೆಸರು ಲೆಕ್ಕದಲ್ಲಿ ಬಂದಾಗ, ಮೊದಲ ಗೂಡಿನ ವಿಳಾಸವನ್ನು ಆಗಿಂದಾಗ್ಗೆ ಕಂಪೈಲರೇ ಹುಟ್ಟಿಸಿಕೊಡಲಿ. ಸಾಲಿನ ಹೆಸರೇ ಪಾಯಿಂಟರಿನಂತೆ ನಡೆದುಕೊಳ್ಳುತ್ತದೆ ಎಂದು ಪಠ್ಯಪುಸ್ತಕಗಳು ಕಾರಣ ಹೇಳದೆ ಬಾಯಿಪಾಠ ಮಾಡಿಸುತ್ತವಲ್ಲ, ಅದರ ಮೂಲ ಇಲ್ಲಿದೆ. ರಿಚಿ 2011ರಲ್ಲಿ ತೀರಿಕೊಂಡರು.

ರಜೆ ಮುಗಿಸಿ ಹೋಗುವಾಗ ಪುಟ್ಟಿ ನಾವು ಮಾಡಿದ ಕೋಷ್ಟಕವನ್ನು ಜೊತೆಗೆ ಒಯ್ದಳು. ಎಡಗಡೆ ಟರ್ಬೊ ಸಿ, ಬಲಗಡೆ ಲ್ಯಾಪ್‌ಟಾಪು, ಕೆಳಗೆ ವಿಳಾಸಗಳು. ಬಿ.ಎಸ್ಸಿ.ಯ ಮಾತನ್ನು ತಂಗಿಗೆ ನಾನು ಹೇಳಿರಲಿಲ್ಲ, ಅವಳೂ ನೆನಪಿಸಲಿಲ್ಲ. ಅಂಕ ಕೇಳಬೇಡ, ಸುಮ್ಮನೆ ತೋರಿಸು ಎಂದು ಹೇಳಿ ಕಳಿಸಿದ್ದೆ. ವಾರದ ಮೇಲೆ ಫೋನು ಬಂತು. ಉಪನ್ಯಾಸಕರು ಇನ್ನೂ ಚಿಕ್ಕ ವಯಸ್ಸಿನವರಂತೆ. ಕೋಷ್ಟಕವನ್ನು ಬಹಳ ಹೊತ್ತು ನೋಡಿ, ‘ಕೀ ಆನ್ಸರ್ ಬದಲಾಯಿಸೋಕಾಗಲ್ಲಮ್ಮ’ ಎಂದರಂತೆ. ಅಂಕ ಬರಲಿಲ್ಲ. ಆ ಮೇಷ್ಟರ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಅವರ ಮುಂದೆಯೂ ಒಂದು ಕಟ್ಟು ಇದ್ದಿರಬೇಕು.

ಎರಡನೆಯ ಕಿರುಪರೀಕ್ಷೆಯಲ್ಲಿ ಅಂಥದೇ ಪ್ರಶ್ನೆ ಮತ್ತೆ ಬಂತು. ಈ ಸಲ ಅದರ ಕೆಳಗೆ ‘ಇಂಟ್‌ಗೆ ಎರಡು ಬೈಟು, ನಡುವೆ ಜಾಗ ಬಿಡದ ಕಂಪೈಲರ್’ ಎಂಬರ್ಥದ ಒಂದು ಸಾಲು ಹೊಸದಾಗಿ ಸೇರಿತ್ತು. ಪುಟ್ಟಿ 4 ಎಂದು ಬರೆದು, ಕೆಳಗೆ ಚಿಕ್ಕ ಅಕ್ಷರಗಳಲ್ಲಿ ‘ನನ್ನ ಲ್ಯಾಪ್‌ಟಾಪಿನಲ್ಲಿ 12’ ಎಂದು ಸೇರಿಸಿದ್ದಳು. ಉತ್ತರಪತ್ರಿಕೆ ಕೈಗೆ ಬಂದ ಮೇಲೆ ಅದರ ಫೋಟೋ ನನಗೆ ಕಳಿಸಿದಳು. ಎರಡರ ಮುಂದೆಯೂ ಕೆಂಪು ಶಾಯಿಯ ಸರಿ ಗುರುತು ಇತ್ತು, ಎರಡನೆಯದು ಸ್ವಲ್ಪ ಚಿಕ್ಕದು.